ಯಾಲ್ಮಾರನ ನೋವಿಲ್ಲದ ಭುಜ

ಕಾರಿನಲ್ಲಿ ಮುಂದೆ ಕೂತಲ್ಲಿಂದಲೇ ಕೈ ಹಿಂದಕ್ಕೆ ಚಾಚಿ, ಹಿಂದಿನ ಸೀಟಿನ ಕಾಫಿ ಫ್ಲಾಸ್ಕ್ ಎತ್ತಲು ಹೋದದ್ದೇ ಯಾಲ್ಮಾರ್ ಮಾಡಿದ ತಪ್ಪು. ಬಲಭುಜದೊಳಗೆ ಒಣಕಡ್ಡಿ ಮುರಿದಂತೆ ಚಟ್ಟೆಂದಿತು. ಅದೂ ಎಂಥ ದಿನ! ಸಿಲ್ಯಾನ್ ಸರೋವರದಲ್ಲಿ ಚರ್ಚ್ ದೋಣಿಗಳ, ಅಂದರೆ ಹಿಂದೆ ಹಳ್ಳಿಗರು ಚರ್ಚಿಗೆ ಹೋಗುತ್ತಿದ್ದ ಉದ್ದನೆಯ ಹುಟ್ಟುದೋಣಿಗಳ ಪಂದ್ಯ. ಬ್ಯೋರ್ಕ್‌ವಿಕ್ ಹಳ್ಳಿಯ ದೋಣಿಯಲ್ಲಿ ಹುಟ್ಟು ಹಾಕಲು ಕೂರುವ ಮೂರನೇ ಹಲಗೆ ಇಪ್ಪತ್ತೆರಡು ಬೇಸಿಗೆಯಿಂದ ಅವನದು. ಅದರ ಮೇಲೆ, ಬದಲಿಯಾಗಿ ದಡದಲ್ಲೇ ಕಾಯುವ ಪಕ್ಕದ ಮನೆಯ ಸಿಕ್ಸ್ಟೆನ್ ಕಣ್ಣಿಟ್ಟು ಆರು ವರ್ಷ.

ದಡದಲ್ಲಿ ಯಾಲ್ಮಾರ್ ಪಂದ್ಯದ ಸಾಂಪ್ರದಾಯಿಕ ಉಡುಪಿನ ಮೊಣಕಾಲಿನ ಕೆಂಪು ಗೊಂಡೆಯನ್ನು ಎಡಗೈಯಲ್ಲೇ ಕಟ್ಟುವುದು ಸಿಕ್ಸ್ಟೆನನ ಕಣ್ಣಿಗೆ ಬಿತ್ತು.

"ಏನಪ್ಪಾ, ಬಲಗೈಗೆ ರಜಾನಾ? ಗುನ್ವೋರ್, ಇವನ ಭುಜ ಸ್ವಲ್ಪ ನೋಡೇ!"

ಗುನ್ವೋರ್ ನಲವತ್ತು ವರ್ಷ ಜನರ ಭುಜ, ಮಂಡಿ ತಿರುವಿ ನಿವೃತ್ತಳಾದ ಫಿಸಿಯೋಥೆರಪಿಸ್ಟ್. ಅವಳು ಬೇಡವೆಂದರೆ ಪಾದ್ರಿಯೂ ದೋಣಿ ಹತ್ತುವಂತಿಲ್ಲ. ಹತ್ತೊಂಬತ್ತು ಮಂದಿ ಜೊತೆಗಾರರು ಸುತ್ತ ನೆರೆದರು.

"ಕೈನ ಪಕ್ಕದಿಂದ ಮೇಲೆತ್ತು. ನಿಧಾನಕ್ಕೆ."

ಅರ್ಧ ದಾರಿಯಲ್ಲಿ ಭುಜದೊಳಗೆ ಕೆಂಡ ಉರುಳಿತು. ಯಾಲ್ಮಾರ್ ನಕ್ಕ.

"ನೋವು?"

"ಏನೂ ಇಲ್ಲ!"

"ಕೈ ಮುಂದೆ ಚಾಚು. ಡಬ್ಬಿಯ ನೀರು ಚೆಲ್ಲೋ ಹಾಗೆ ಹೆಬ್ಬೆರಳು ಕೆಳಗೆ ಮಾಡು. ನಾನು ಒತ್ತುತೀನಿ, ನೀನು ಬಿಡಬೇಡ."

ಅವಳು ಒತ್ತಿದಳು. ಕೈ ಕುಸಿಯಲಿಲ್ಲ. ಅವನ ನಗೆ ಕಿವಿಯಿಂದ ಕಿವಿಗೆ ಹರಡಿತು.

"ಏನೂ ಇಲ್ಲ!"

"ಭಲೇ!" ಎಂದರು ಜೊತೆಗಾರರು.

"ಕೈ ಬೆನ್ನ ಹಿಂದೆ ಇಡು. ಬೆನ್ನಿಂದ ಆಚೆ ತಳ್ಳು."

ಅವನಿಗೆ ಸರೋವರ ಎರಡೆರಡಾಗಿ ಕಂಡಿತು. ಆದರೂ ತಳ್ಳಿದ. ಹಿಂದೆ ನಿಂತ ಗುನ್ವೋರ್ ಇನ್ನೇನೋ ಮಾಡಿದಳು. ರಟ್ಟೆಗೆ ಕಣಜ ಕಚ್ಚಿದಂತಾಯಿತು.

"ಈಗ?"

"ಏನೂ ಇಲ್ಲ!"

"ಇಲ್ಲಿ?"

"ಹೂವು ಮುಟ್ಟಿದ ಹಾಗಿದೆ!"

ಹತ್ತೊಂಬತ್ತು ಜನ ಹೋ ಎಂದು ಕೂಗಿ ಟೋಪಿ ಹಾರಿಸಿದರು. ಸಿಕ್ಸ್ಟೆನನ ಮುಖ ತಣ್ಣಗಾದ ಗಂಜಿಯಂತಾಯಿತು. ಯಾಲ್ಮಾರ್ ಎದೆಯುಬ್ಬಿಸಿ ದೋಣಿಯತ್ತ ಹೆಜ್ಜೆ ಹಾಕಿದ. ಗುನ್ವೋರ್ ಅವನ ಅಂಗಿ ಹಿಡಿದೆಳೆದಳು. ಅವಳ ಕೈಯಲ್ಲಿ ತನ್ನ ರವಿಕೆಯ ಬೆಳ್ಳಿ ಪಿನ್ನಿತ್ತು.

"ಇದರಿಂದ ಎರಡು ಸಲ ಚುಚ್ಚಿದೆ ಕಣೋ. ರಕ್ತ ಬಂದಿದೆ ನೋಡು. ನಿನಗೆ ಗೊತ್ತೇ ಆಗ್ಲಿಲ್ಲ! ನರಕ್ಕೇ ಏನೋ ಆಗಿದೆ. ಹುಟ್ಟು ಮುಟ್ಟಬೇಡ, ಈಗಲೇ ಆಸ್ಪತ್ರೆಗೆ ಹೊರಡು."

"ಅಯ್ಯೋ, ನೋವಿದೆ ಗುನ್ವೋರ್! ಪ್ರಾಣ ಹೋಗ್ತಿದೆ! ಮೊದಲಿಂದಲೂ ಇತ್ತು!"

"ಪಾಪ, ಜಾಗ ಹೋಗುತ್ತೆ ಅಂತ ಈಗ ಸುಳ್ಳು ಹೇಳ್ತಾನೆ," ಎಂದು ಗುನ್ವೋರ್ ಮರುಗಿದಳು. "ನಿಜವಾಗಿ ನೋವಿದ್ದಿದ್ರೆ ಚಿಂತೆ ಇರಲಿಲ್ಲ, ಪಟ್ಟಿ ಸುತ್ತಿ ಕೂರಿಸ್ತಿದ್ದೆ. ಈ ದೋಣೀಲಿ ಐವತ್ತು ದಾಟಿದ ಯಾರ ಭುಜ ನೆಟ್ಟಗಿದೆ ಹೇಳು?"

ಮೂರನೇ ಹಲಗೆಯಲ್ಲಿ ಆಗಲೇ ಕೂತಿದ್ದ ಸಿಕ್ಸ್ಟೆನ್ ಅಂಗಿಯ ಗುಂಡಿ ಬಿಚ್ಚಿ ಭುಜ ಮುಂದೊಡ್ಡಿದ.

"ನಂಗೆ ಎರಡೂ ಕಡೆ ಸುತ್ತಮ್ಮಾ. ಒಂದು ವಾರದಿಂದ ಸಾಯ್ತಿದೀನಿ."