ಮೂಳೆಯಿದ್ದ ಸೋಯಾ ಕೋಳಿ

ಸೋಯಾ ಕೋಳಿತೊಡೆಗೆ ಹಿಡಿಯಿರುವುದು ಷುನ್‌ಫಾನಿಗೆ ಹೊಸದಲ್ಲ. ಲುಗಾಂಗ್ ಊರಿನ ಸಸ್ಯಾಹಾರಿ ಅಂಗಡಿಗಳಲ್ಲಿ ಮೂಳೆಯ ಬದಲು ಕಬ್ಬಿನ ಕಡ್ಡಿ ಸಿಕ್ಕಿಸಿಯೇ ಕರಿಯುತ್ತಾರೆ. ಆದ್ದರಿಂದ ಛತ್ರಿ ಕಾರ್ಖಾನೆಯ ಊಟದ ಹೊತ್ತಿನಲ್ಲಿ ಅವನು ಅಂಗಡಿಯಿಂದ ಬಂದ ಡಬ್ಬಿ ತೆರೆದು ನಿಶ್ಚಿಂತೆಯಿಂದ ಕಚ್ಚಿದ, ಅಗಿದ, ಕಡ್ಡಿಯನ್ನೂ ಚೀಪಿ ತಲೆದೂಗಿದ.

“ಏನ್ ಕೆಲಸಗಾರರಪ್ಪಾ! ಈ ಸಲ ಕಡ್ಡಿಯೊಳಗೆ ಮಜ್ಜೇನೂ ತುಂಬಿದಾರೆ.”

ಎದುರಿಗೆ ಕೂತಿದ್ದ ಬೀಶಿಯಾ ಅಕ್ಕ ಛತ್ರಿಗೆ ಬಟ್ಟೆ ಹೊಲಿಯುವವಳು. ಊರವರ ಪಾಪಪುಣ್ಯದ ಉಸ್ತುವಾರಿಯೂ ಅವಳದೇ. ತನ್ನ ಡಬ್ಬಿಯಿಂದ ಕಬ್ಬಿನ ಕಡ್ಡಿಯೊಂದನ್ನು ಎತ್ತಿ ಹಿಡಿದಳು.

“ಡಬ್ಬಿ ಅದಲುಬದಲಾಗಿದೆ ಕಣೋ. ನೀನ್ ತಿಂದಿದ್ದು ಕೋಳಿ.”

ಷುನ್‌ಫಾ ಮೂಳೆಯನ್ನು ಸಾಹೇಬರ ಸಹಿಗೆ ಒಡ್ಡಿದ ಅರ್ಜಿಯಂತೆ ಎರಡು ಕೈಯಲ್ಲಿ ಹಿಡಿದು ನೋಡಿದ.

ಎರಡು ವರ್ಷದ ಹಿಂದೆ ಹೆಂಡತಿ ಲಿಯೆನ್‌ಹ್ವಾಳ ಹೊಟ್ಟೆಯಲ್ಲಿ ಗೆಡ್ಡೆ ಸಿಕ್ಕಾಗ ಷುನ್‌ಫಾ ಕಡಲ ದೇವತೆ ಮಾಜು ತಾಯಿಗೆ ಹರಕೆ ಹೊತ್ತಿದ್ದ: ಇವಳು ಉಳಿದರೆ ಮೂರು ವರ್ಷ ಮಾಂಸ ಮುಟ್ಟುವುದಿಲ್ಲ. ಅವಳು ಉಳಿದಳು. ಮರುಪರೀಕ್ಷೆಯ ವರದಿ ತರಲು ಆಸ್ಪತ್ರೆಗೆ ಹೋಗಿದ್ದಳು. ಅದೂ ಇವತ್ತೇ!

“ನಮ್ಮ ಚಿಕ್ಕಪ್ಪ ಹರಕೆ ಮುರಿದು ಒಂದೇ ಒಂದು ಸೀಗಡಿ ತಿಂದ,” ಎಂದ ಪಕ್ಕದ ಆಕುನ್. “ಅದೇ ವಾರ ಮನೆ ಚಾವಣಿ ಬಿತ್ತು.”

“ಬಾಯ್ಮುಚ್ಚೋ, ಅದಕ್ಕೆ ಮೊದಲೇ ಗೆದ್ದಲು ಹಿಡಿದಿತ್ತು,” ಎಂದು ಬೀಶಿಯಾ ಅಕ್ಕ ಗದರಿದಳು. “ಷುನ್‌ಫಾ, ಗುಡಿಗೆ ಓಡು. ಡಾಕ್ಟರು ಬಾಯಿ ತೆರೆಯೋಕೆ ಮುಂಚೆ ನೀನು ತಪ್ಪು ಒಪ್ಪಿಕೊಂಡ್ಬಿಡು!”

ದಾರಿಯಲ್ಲಿ ಲಿಯೆನ್‌ಹ್ವಾಳಿಗೆ ಮೂರು ಸಲ ಫೋನು ಮಾಡಿದ. ಎತ್ತಲಿಲ್ಲ. ಸ್ಕೂಟರನ್ನು ನೇರ ಗುಡಿಯ ಬಾಗಿಲಿಗೇ ತಂದು ನಿಲ್ಲಿಸಿದ.

ಗುಡಿಯಲ್ಲಿ ಧೂಪದ ಬೂದಿ ಬಳಿಯುತ್ತಿದ್ದ ಆಗೆನ್ ಅಜ್ಜ ಅರ್ಧಚಂದ್ರದಂಥ ಎರಡು ಮರದ ತುಂಡು ಕೊಟ್ಟ. ಎಸೆದಾಗ ಒಂದು ಅಂಗಾತ, ಒಂದು ಬೋರಲು ಬಿದ್ದರೆ ತಾಯಿ ಒಪ್ಪಿದಂತೆ.

“ತಾಯೀ, ಗೊತ್ತಿಲ್ದೆ ತಿಂದೆ. ಕ್ಷಮಿಸ್ತೀಯಾ?”

ಎರಡೂ ಬೋರಲು.

“ಇಲ್ವಂತೆ,” ಎಂದ ಅಜ್ಜ.

“ಇನ್ನೊಂದು ವರ್ಷ ಸೇರಿಸ್ತೀನಿ.”

ಎರಡೂ ಅಂಗಾತ.

“ನಗ್ತಾ ಇದಾಳೆ.”

“ಒಳ್ಳೇದಾ ಅಜ್ಜ?”

“ನಿನ್ನ ನೋಡಿ ನಗ್ತಾ ಇದಾಳೆ, ಅದ್ಹೇಗೆ ಒಳ್ಳೇದಾಗುತ್ತೆ? ಎಷ್ಟು ತಿಂದೆ?”

“ಒಂದು ತೊಡೆ.”

“ಪೂರ್ತಿನಾ?”

“ಚೀಪಿದೆ ಕೂಡ.”

“ಹಾಗಾದ್ರೆ ಏರಿಸು.”

ಷುನ್‌ಫಾ ಏರಿಸಿದ. ಐದು, ಏಳು, ಎಂಟು. ತಾಯಿ ಜಗ್ಗಲಿಲ್ಲ. “ಇವತ್ತಿನಿಂದ ಹೊಸದಾಗಿ ಹತ್ತು!” ಎಂದು ಬೆವರುತ್ತ ಕೂಗಿದಾಗ ಒಂದು ಅಂಗಾತ ಬಿತ್ತು, ಒಂದು ಬೋರಲು. ಅಷ್ಟರಲ್ಲಿ ಫೋನು ಬಂತು. “ಮನೆಗೆ ಬನ್ನಿ,” ಎಂದಷ್ಟೇ ಹೇಳಿ ಲಿಯೆನ್‌ಹ್ವಾ ಇಟ್ಟುಬಿಟ್ಟಳು.

ಅವನು ಮನೆ ಮುಟ್ಟಿದಾಗ ಅವಳು ಸೊಪ್ಪು ಹೆಚ್ಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

“ಯಾಕ್ ಹಾಗ್ ನಿಂತಿದೀರಿ? ಪೂರ್ತಿ ವಾಸಿಯಂತೆ. ಇನ್ನೊಂದು ವರ್ಷ ಈ ಕಡೆ ತಲೆ ಹಾಕ್ಬೇಡಿ ಅಂದ್ರು.”

ಷುನ್‌ಫಾ ನೆಲದ ಮೇಲೆ ಕುಸಿದು ಅತ್ತ. ಕೋಳಿಯಿಂದ ಹತ್ತು ವರ್ಷದವರೆಗೆ ಎಲ್ಲವನ್ನೂ ಹೇಳಿದ.

ಚಾಕು ನಿಂತಿತು. “ಹತ್ತಾ? ರೀ... ಬೈಬೇಡಿ. ಹರಕೆ ಹೊತ್ತ ತಿಂಗಳಲ್ಲೇ ನೀವು ಒಣಗಿ ಕಡ್ಡಿ ಆಗಿದ್ರಿ. ನಾನ್ ಉಳಿದು ನೀವು ಹೋದ್ರೆ ಏನ್ ಬಂತು? ಆವತ್ತಿಂದ ನಿಮ್ಮ ಸೊಪ್ಪೆಲ್ಲ ಹಂದಿ ಕೊಬ್ಬಲ್ಲೇ ಹುರಿದಿದ್ದು. ಅಣಬೆ ಸಾರಿಗೂ ಮೂಳೆ ಬೇಯಿಸಿದ ನೀರೇ.”

“ಎರಡು ವರ್ಷ?”

“ಎರಡು ವರ್ಷ. ತಾಯಿ ಏನಾದ್ರೂ ಅಂದ್ಲಾ?”

ಷುನ್‌ಫಾನ ಮುಖ ಅರಳಿತು. “ಹಾಗಾದ್ರೆ ಹತ್ತು ವರ್ಷ ವಾಪಸ್ ತಗೊಂಡ್ ಬರ್ಲಾ?”

“ಅಯ್ಯಯ್ಯೋ! ಆಗ ತಪ್ಪು ನಂದಾಗಿತ್ತು. ಈಗ ಅವಳೆದುರೇ ಮಾತು ಕೊಟ್ಟು ಬಂದಿದೀರಿ. ಇನ್ನು ನನಗೂ ಭಯ.”

ಲಿಯೆನ್‌ಹ್ವಾ ಕೊಬ್ಬಿನ ಜಾಡಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಬಾಣಲೆಯನ್ನು ಮೂರು ಸಲ ಉಜ್ಜಿದಳು. ಬೆಳ್ಳುಳ್ಳಿಯೂ ಇಲ್ಲದೆ ಬರೀ ಎಣ್ಣೆಯಲ್ಲಿ ಸೊಪ್ಪು ಹುರಿದು ತಟ್ಟೆಗೆ ಹಾಕಿದಳು.

“ಹೇಗಿದೆ?”

ಷುನ್‌ಫಾ ಬಹಳ ಹೊತ್ತು ಅಗಿದ. ಕಷ್ಟಪಟ್ಟು ನುಂಗಿದ.

“ತಾಯಿಗೆ ಕೋಪ ಇನ್ನೂ ಇಳಿದಿಲ್ಲ ಕಣೇ,” ಎಂದ.