ತೊಟ್ಟಿಲಿಗೆ ಎಷ್ಟನೇ ನಂಬರು?

ಹೊಸದಾಗಿ ತಾತನಾದವರ ಕಷ್ಟ ಶುರುವಾದದ್ದು ಒಂದು ಸಿಬಿರಿನಿಂದ. ಬೆಳಿಗ್ಗೆ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸುವಾಗ ಅದು ಅಜ್ಜಿಯ ಬೆರಳಿಗೆ ಚುಚ್ಚಿತು. ಆಕೆ ಸುಮ್ಮನಿರುತ್ತಾರೆಯೇ? ಆಸ್ಪತ್ರೆಯಲ್ಲಿದ್ದ ಮಗಳಿಗೆ ಕೂಡಲೇ ಫೋನಿನಲ್ಲಿ ವರದಿ ಒಪ್ಪಿಸಿದರು.

"ಅಪ್ಪಾ, ಸಾಯಂಕಾಲ ನಾವು ಬರೋದ್ರೊಳಗೆ ಅದನ್ನ ನುಣ್ಣಗೆ ಮಾಡಿಡು. ಇಲ್ಲಾಂದ್ರೆ ನೀನು ಮಗು ಮುಟ್ಟೋ ಹಾಗಿಲ್ಲ!" ಎಂದಳು ಮಗಳು.

ತಾತ ತಕ್ಷಣ ಚೀಲ ಹಿಡಿದರು. ನೆಗಡಿಯಿತ್ತೆಂದು ಆಸ್ಪತ್ರೆಯಲ್ಲಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ಊರೆಲ್ಲ ಎತ್ತಿಕೊಂಡ ಮೊಮ್ಮಗಳನ್ನು ಪಾಪ, ಅವರೊಬ್ಬರೇ ಇನ್ನೂ ಎತ್ತಿಕೊಂಡಿರಲಿಲ್ಲ.

ಅಂಗಡಿಗೆ ಓಡಿದರು. "ಉಪ್ಪುಕಾಗದ ಎಷ್ಟನೇ ನಂಬರಿಂದು ಬೇಕು ಸಾರ್?" ಎಂದ ಅಂಗಡಿಯವನು. ತಾತ ಕಕ್ಕಾಬಿಕ್ಕಿಯಾದರು. ಮರ ಉಜ್ಜುವ ಕಾಗದಕ್ಕೂ ಚಪ್ಪಲಿಯ ಹಾಗೆ ನಂಬರು ಇರುತ್ತದೆಂದು ಜೀವಮಾನವಿಡೀ ಗುಮಾಸ್ತಿಕೆ ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಇರಲಿ ಎಂದು ಅರವತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು, ಮೂರನ್ನೂ ತಂದರು.

ಎದುರು ಮನೆಯ ಗಣಿತದ ಮೇಷ್ಟ್ರು ಕರೆಯದೇ ಬಂದರು. "ಇದೊಂದು ಸಮಸ್ಯೇನಾ? ಇನ್ನೂರಿಪ್ಪತ್ತರಿಂದ ಶುರು ಮಾಡಿ, ಅರವತ್ತಕ್ಕೆ ಇಳೀರಿ. ನಂಬರು ಇಳಿದ ಹಾಗೆ ಒರಟುತನಾನೂ ಇಳಿಯುತ್ತೆ."

"ಮುಟ್ಟಿದ್ರೆ ಅರವತ್ತೇ ಒರಟು ಅನ್ಸುತ್ತಲ್ಲ ಮೇಷ್ಟ್ರೇ?"

"ಅನ್ಸೋದು ಬೇರೆ, ಲೆಕ್ಕ ಬೇರೆ!"

ತಾತ ಲೆಕ್ಕಕ್ಕೆ ತಲೆಬಾಗಿದರು. ಬೆವರು ಸುರಿಸಿ ಉಜ್ಜಿದರು. ಮಧ್ಯಾಹ್ನ ಅಜ್ಜಿ ಪರೀಕ್ಷೆಗೆಂದು ರೇಷ್ಮೆಯ ಚೂರೊಂದನ್ನು ತೊಟ್ಟಿಲ ಮೇಲೆ ಎಳೆದರೆ, ಅದು ಅಲ್ಲೇ ಕಚ್ಚಿಕೊಂಡು ಎಳೆ ಬಿಚ್ಚಿತು.

"ರೀ, ಇದನ್ನ ಬೆಕ್ಕಿನ ಕೈಲಿ ಪರಚಿಸಿದ್ರಾ? ಸಣ್ಣ ನಂಬರು ಒರಟು, ದೊಡ್ಡ ನಂಬರು ನುಣುಪು. ಬೆರಳು ಹೇಳೋದನ್ನ ಕೇಳಬಾರದಾ?"

"ಹಾಗಾದ್ರೆ ನನ್ನ ಲೆಕ್ಕ ಸರಿ, ಕಾಗದದವರದೇ ತಪ್ಪು" ಎಂದರು ಮೇಷ್ಟ್ರು.

ತಾತ ಮತ್ತೆ ಅರವತ್ತರಿಂದ ಹೊರಟರು. ಮರದ ಎಳೆ ಹರಿದ ದಿಕ್ಕಿನಲ್ಲೇ ಉಜ್ಜಿ, ಧೂಳು ಒರೆಸಿ, ನೂರಿಪ್ಪತ್ತು. ಮತ್ತೆ ಉಜ್ಜಿ, ಒರೆಸಿ, ಇನ್ನೂರಿಪ್ಪತ್ತು. ಸಾಯಂಕಾಲದ ಹೊತ್ತಿಗೆ ರೇಷ್ಮೆ ಸರ್ರನೆ ಜಾರಿತು. ತಾತ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಎರಡೂ ಕೈ ಚಾಚಿ ಬಾಗಿಲಲ್ಲಿ ನಿಂತರು.

ಮಗುವಿನೊಡನೆ ಬಂದ ಮಗಳು ತೊಟ್ಟಿಲು ಸವರಿ ಮೆಚ್ಚಿದಳು. ಆಮೇಲೆ ಅಪ್ಪನ ಅಂಗೈ ಸವರಿ ಬೆಚ್ಚಿದಳು. "ಅಯ್ಯೋ! ಸಿಪ್ಪೆ ಎದ್ದು ಹೇಗಾಗಿದೆ ನೋಡು! ಮಗು ಮೈ ತರಚಿ ಹೋಗುತ್ತೆ. ಮೇಷ್ಟ್ರೇ, ನೀವು ಹಿಡ್ಕೊಳ್ಳಿ."

ಇಡೀ ದಿನ ಸಲಹೆ ಕೊಟ್ಟದ್ದು ಬಿಟ್ಟು ಬೇರೇನೂ ಮಾಡದ ಮೇಷ್ಟ್ರ ಕೈ ಮೆತ್ತಗೇ ಇತ್ತು. ಆದರೆ ಮಗು ಕಿಟಾರನೆ ಕಿರುಚಿತು. ಅಜ್ಜಿ ಎತ್ತಿಕೊಂಡರೂ ಕಿರುಚಿತು, ಆ ನುಣುಪಾದ ತೊಟ್ಟಿಲಲ್ಲಿ ಮಲಗಿಸಿದರೂ ಕಿರುಚಿತು. ತಾತನಿಗೆ ತಡೆಯಲಾಗಲಿಲ್ಲ. ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡು, ಬಟ್ಟೆಯ ಮೇಲಿಂದಲೇ ಆ ಒರಟು ಅಂಗೈಯಿಂದ ಬೆನ್ನು ಮೆಲ್ಲಗೆ ಸವರಿದರು.

ಮಗು ಆಕಳಿಸಿತು. ನಿದ್ದೆ ಹೋಯಿತು.

ಕೈ ತೆಗೆದರೆ ಮತ್ತೆ ರಾಗ. ಇಟ್ಟರೆ ನಿದ್ದೆ. ತಾತನ ಕಣ್ಣು ತುಂಬಿ ಬಂತು. "ನಾಳೆಯಿಂದ ಎಣ್ಣೆ ಹಚ್ಚಿ ಕೈ ಮೆತ್ತಗೆ ಮಾಡ್ಕೋತೀನಿ ಕಣಮ್ಮಾ" ಎಂದು ಪಿಸುಗುಟ್ಟಿದರು.

"ಎಣ್ಣೆ ಮುಟ್ಟೀಯ, ಜೋಕೆ!" ಮಗಳು ಗಾಬರಿಯಾದಳು. "ಈ ಕೈ ಹೀಗೇ ಇರಬೇಕು."

ಅಜ್ಜಿ ಕೋಣೆಯ ಸುತ್ತ ಕಣ್ಣಾಡಿಸಿದರು. "ನಾಳೆ ಮಂಚ ಉಜ್ಜಲಿ. ನಾಡಿದ್ದು ಮೇಜು. ಆಮೇಲೆ ಕಿಟಕಿಗಳು ಹೇಗೂ ಇವೆ."

"ನಮ್ಮನೇಲಿ ನಾಲ್ಕು ಬಾಗಿಲಿವೆ" ಎಂದು ಮೇಷ್ಟ್ರು ಉದಾರವಾಗಿ ಸೇರಿಸಿದರು.

ತಾತ ಪ್ರತಿಭಟಿಸಲು ಬಾಯಿ ತೆರೆದರು.

"ಶ್‌! ಮಗು ಎದ್ದುಬಿಡುತ್ತೆ!" ಎಂದರು ಮೂವರೂ ಒಟ್ಟಿಗೆ.