ಡಾಡ್ ಸಾಹೇಬರೂ ನಮ್ಮ ದೊಡ್ಡಮನಿಯೂ

ನಾನು ಜಗಳಗಂಟನಲ್ಲ. ಆದರೆ ಮನೆತನದ ಹೆಸರಿಗೆ ಯಾರಾದರೂ ಕೈ ಹಾಕಿದರೆ ಸುಮ್ಮನಿರುವವನೂ ಅಲ್ಲ.

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ಮನೆ. ನೆರೆಮನೆಯ ಟಪಾಲು ಡಬ್ಬಿಯ ಮೇಲೆ ಡಿ, ಓ, ಡಿ, ಡಿ ಎಂದು ಬರೆದಿದೆ. ಊರೆಲ್ಲ ಅದನ್ನು ‘ಡಾಡ್’ ಎನ್ನುತ್ತದೆ. ನಾನು ಮಾತ್ರ ಮೊದಲ ದಿನವೇ ಸರಿಯಾಗಿ ಓದಿದೆ: ದೊಡ್ಡ್! ನಾನು ಬಸವರಾಜ ದೊಡ್ಡಮನಿ. ಟಪಾಲಿನವನಿಗೂ ಹಾಗೆಯೇ ಕಂಡಿರಬೇಕು. ನಮ್ಮ ಕಾಗದಗಳನ್ನೆಲ್ಲ ಅವರ ಡಬ್ಬಿಗೇ ಹಾಕುತ್ತಿದ್ದ.

ಒಂದು ಶನಿವಾರ ಡಾಡ್ ಸಾಹೇಬರು ನಮ್ಮ ಕಾಗದ ಹಿಡಿದುಕೊಂಡು ಬಂದರು. “ನಿಮ್ಮ ಹೆಸರಿನೊಳಗೆ ನಮ್ಮ ಹೆಸರಿದೆಯಲ್ಲ! ಇಂಗ್ಲಿಷರು ನಿಮ್ಮ ದೇಶದಲ್ಲಿ ಬಿಟ್ಟು ಬಂದಿರಬೇಕು,” ಎಂದು ನಕ್ಕರು.

ಬಿಟ್ಟು ಬಂದದ್ದು! ಹೆಸರೇನು, ರೈಲಿನಲ್ಲಿ ಮರೆತ ಛತ್ರಿಯೇ?

ಒಳಗೆ ಹೋಗಿ ಗುಡುಗಿದೆ. ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತಿದ್ದಳು.

“ಅಂವಾ ಚಾಷ್ಟಿ ಮಾಡ್ಯಾನ, ಬಿಡ್ರಿ.”

“ಚಾಷ್ಟಿ? ಇವರು ನಮ್ಮ ಮೆಣಸು ಒಯ್ದರು, ಅರಿವಿ ಒಯ್ದರು. ಈಗ ಅಡ್ಡಹೆಸರೂ ನಂದ ಅಂತಾನ!”

“ಅಂವ ಹುಟ್ಟಿದ್ದು ಡಲ್ಲಾಸ್‌ನ್ಯಾಗ. ಮೆಣಸು ಯಾವಾಗ ಒಯ್ದ?”

ಮಗಳು ಪಲ್ಲವಿ ಫೋನಿನಿಂದ ತಲೆ ಎತ್ತಲಿಲ್ಲ. “ಅಪ್ಪಾ, ಪ್ಲೀಸ್ ಡೋಂಟ್,” ಎಂದಳು.

ಯಾರ ಮಾತನ್ನೂ ಕೇಳಲಿಲ್ಲ. ಮೂರು ದಿನ ಕೂತು, ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ಡಾಡ್ ಸಾಹೇಬರಿಗೆ ಸಂಶೋಧನಾ ಪತ್ರ ಕಳಿಸಿದೆ. ಅದರ ಸಾರಾಂಶ: ಹಸಿದ ಇಂಗ್ಲಿಷ್ ಸಿಪಾಯಿಯೊಬ್ಬ ನಮ್ಮ ದೊಡ್ಡಮನಿಯಲ್ಲಿ ರೊಟ್ಟಿ ಉಂಡ. ಆ ಋಣಕ್ಕೆ ನಮ್ಮ ಹೆಸರು ಇಟ್ಟುಕೊಂಡ. ಬಾಯಿ ಹೊರಳದೆ ‘ಮನಿ’ಯನ್ನು ದಾರಿಯಲ್ಲೇ ಬಿಟ್ಟ. ಪುರಾವೆ? ಇಷ್ಟು ಸ್ಪಷ್ಟವಾಗಿರುವುದಕ್ಕೆ ಪುರಾವೆ ಯಾಕೆ!

ಮನುಷ್ಯ ನಾಚಿ ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಓಡಿ ಬಂದು ಅಪ್ಪಿಕೊಂಡರು! “ದೊಡ್ಡ ಅಂದರೆ ಗ್ರೇಟ್ ಅಂತಲೇ? ಮುಂದಿನ ತಿಂಗಳು ಡಲ್ಲಾಸ್‌ನಲ್ಲಿ ನಮ್ಮ ಬಳಗವೆಲ್ಲ ಸೇರುತ್ತದೆ. ನೀವೇ ಭಾಷಣ ಮಾಡಬೇಕು. ಆ ಪದವನ್ನು ಕನ್ನಡದಲ್ಲಿ ಬರೆದು ಕಳಿಸಿ.”

ಅದೇ ಬೆರಳಿನಲ್ಲಿ ಬರೆದು ಕಳಿಸಿದೆ.

ಕೋಟು ಹಾಕಿಕೊಂಡು, ಶಾಂತಾಳನ್ನು ಕೂಡಿಸಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿ ಡಲ್ಲಾಸ್ ಮುಟ್ಟಿದೆ. ಹಾಲ್ ತುಂಬ ಡಾಡ್‌ಗಳು. ಎಲ್ಲರಿಗೂ ಹಳದಿ ಟೀ ಶರ್ಟು, ಎದೆಯ ಮೇಲೆ ಕೆಂಪು ಕನ್ನಡ ಅಕ್ಷರ. ಕಣ್ಣಲ್ಲಿ ನೀರು ಬಂತು.

ಶಾಂತಾ ಚಿವುಟಿದಳು. “ರೀ, ಅಂಗಿ ಮ್ಯಾಲೆ ಏನ್ ಬರದೈತಿ ಓದ್ರಿ.”

ಓದಿದೆ. ದಡ್ಡ.

ಮುದುಕರ ಎದೆಯ ಮೇಲೆ ದಡ್ಡ. ಕೂಸಿನ ಎದೆಯ ಮೇಲೂ ದಡ್ಡ! ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಟೈಪ್ ಮಾಡುವಾಗ ‘ಓ’ ಒತ್ತುವಲ್ಲಿ ನನ್ನ ಬೆರಳು ‘ಎ’ ಒತ್ತಿತ್ತು.

“ಹೇಳಬ್ಯಾಡ, ಇಲ್ಲಿ ಯಾರಿಗೂ ಓದಾಕ ಬರೂದಿಲ್ಲ,” ಎಂದು ಪಿಸುಗುಟ್ಟಿ ಮೈಕಿನ ಮುಂದೆ ನಿಂತು ಸಿಪಾಯಿಯ ಕಥೆ ಹೇಳಿದೆ. ಭಾರಿ ಚಪ್ಪಾಳೆ.

ಆಗ ಡಾಡ್ ಸಾಹೇಬರ ಸೋದರತ್ತೆ ಎದ್ದರು. ಕೈಯಲ್ಲಿ ದಪ್ಪ ಫೈಲು. “ಕಥೆ ಚೆನ್ನಾಗಿದೆ. ಆದರೆ ಇಂಗ್ಲಿಷರು ಭಾರತದ ದಾರಿ ಕಾಣುವ ಎಷ್ಟೋ ಶತಮಾನ ಮೊದಲೇ ನಮ್ಮ ಹೆಸರಿತ್ತು. ಹಳೆಯ ಇಂಗ್ಲಿಷಿನ ಅಡ್ಡಹೆಸರು ಅದು. ಗುಂಡಗೆ ಮುದ್ದೆಯ ಹಾಗಿರುವವನು ಅಂತ ಅರ್ಥ. ಬೋಳುತಲೆಯವನು ಅಂತಲೂ ಹೇಳುತ್ತಾರೆ. ಮಂದಬುದ್ಧಿಯವನು ಅನ್ನುವವರೂ ಇದ್ದಾರೆ.”

ಇಡೀ ಹಾಲ್ ನನ್ನ ಹೊಟ್ಟೆ ನೋಡಿತು. ಆಮೇಲೆ ತಲೆ ನೋಡಿತು. ಏನು ಜನ! ಅತಿಥಿಯನ್ನು ಹೀಗೆ ನೋಡುವುದೇ?

“ನಿಮ್ಮ ಹೆಸರು ಹೇಗೆ ಬಂತು?” ಎಂದು ಸೋದರತ್ತೆ ಕೇಳಿದರು.

ಮುಂದಿನ ಸಾಲಿನಿಂದ ಶಾಂತಾ ಕೂಗಿದಳು: “ಹೇಳ್ರಿ, ಮಾಸ್ತರ ಕಥಿ ಹೇಳ್ರಿ!”

ಹೆಂಡತಿಯ ಎದುರು ಸುಳ್ಳು ಹೇಳುವುದು ಹೇಗೆ? ಹೇಳಿದೆ. ನಾನು ಶಾಲೆಗೆ ಸೇರಿದ್ದೇ ಹನ್ನೊಂದನೇ ವಯಸ್ಸಿನಲ್ಲಿ. ಮಾಸ್ತರರು ಅಡ್ಡಹೆಸರು ಕೇಳಿದರು. ಹಾಗಂದರೇನೆಂದೇ ಗೊತ್ತಿರಲಿಲ್ಲ. “ಮತ್ತ ಎಲ್ಲಿಂದ ಬಂದಿಯೋ?” ಎಂದರು. ಅಪ್ಪ ಗೌಡರ ದೊಡ್ಡಮನಿಯಲ್ಲಿ ಎತ್ತು ನೋಡಿಕೊಂಡಿದ್ದ. “ದೊಡ್ಡಮನಿಯಿಂದ್ರೀ” ಎಂದೆ. ಬರೆದೇ ಬಿಟ್ಟರು!

ಡಾಡ್ ಸಾಹೇಬರು ಬೆನ್ನು ತಟ್ಟಿದರು. “ಅಂದರೆ ನೀವೂ ಇನ್ನೊಬ್ಬರ ಹೆಸರು ಎತ್ತಿಕೊಂಡು ಬಂದವರೇ!”

ಹೊರಡುವಾಗ ನನಗೂ ಒಂದು ಅಂಗಿ ಕೊಟ್ಟರು. ಸಿಟ್ಟಿನಲ್ಲಿ ಬಿಸಾಡಬೇಕೆಂದಿದ್ದೆ. ಅಳತೆ ಸರಿಯಾಗಿ ಕೂತಿತು.

ಈಗ ಲೆಕ್ಕ ತೆಗೆದರೆ, ನನ್ನ ಹೆಸರು ಗೌಡರದು, ಆಕಾರ ಡಾಡ್ ವಂಶದ್ದು. ಅಪ್ಪಟ ನನ್ನದು ಅನ್ನುವುದು ಆ ಅಂಗಿಯ ಮೇಲಿನ ಪದ ಒಂದೇ!